ಪಾರ್ಕಿನ್ಸನ್‌ನ ಒಂದು ಪ್ರಶ್ನೆ, ಒಂದು ಪ್ರೋಟೀನು: ಲ್ಯಾಬಿನಲ್ಲಿ ನಾನು ಕೆಲಸ ಮಾಡಿದ ರೀತಿ

ನಾನು ಕೆಲಸ ಮಾಡುವುದು ಪಾರ್ಕಿನ್ಸನ್ ಕಾಯಿಲೆಯ ಮೇಲೆ. ಆದರೆ ರೋಗಿಗಳನ್ನು ನೋಡುವುದು ಅಪರೂಪ. ದಿನವಿಡೀ ಕಣ್ಣ ಮುಂದಿರುವುದು ಸಣ್ಣ ಟ್ಯೂಬುಗಳು, ತಟ್ಟೆಯಲ್ಲಿ ಬೆಳೆದ ನರಕೋಶಗಳು, ಕತ್ತಲೆ ಕೋಣೆಯಲ್ಲಿರುವ ಮೈಕ್ರೋಸ್ಕೋಪು. ನಾನು ಹಿಡಿದ ಪ್ರಶ್ನೆ ಇದು: ಜಿಬಿಎ1 ಅನ್ನುವ ಜೀನ್‌ನಲ್ಲಿ ದೋಷ ಇದ್ದವರಿಗೆ ಪಾರ್ಕಿನ್ಸನ್ ಬರುವ ಸಾಧ್ಯತೆ ಯಾಕೆ ಜಾಸ್ತಿ?

ಹಿನ್ನೆಲೆ ಸ್ವಲ್ಪ ಬೇಕು. ಫ್ರೆಡ್ರಿಕ್ ಲೆವಿ 1912ರಲ್ಲಿ ಪಾರ್ಕಿನ್ಸನ್ ರೋಗಿಗಳ ಮೆದುಳಿನ ಕೋಶಗಳ ಒಳಗೆ ಉಂಡೆಗಳನ್ನು ಕಂಡರು. ಅವು ಯಾವುದರಿಂದ ಆಗಿವೆ ಅಂತ ಗೊತ್ತಾಗಿದ್ದು 1997ರಲ್ಲಿ. ಆ ವರ್ಷ ಎರಡು ಸಂಗತಿ ಹೊರಬಂದವು. ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ ಒಂದು ಮ್ಯೂಟೇಶನ್ ಇದ್ದ ಕುಟುಂಬಗಳಲ್ಲಿ ಪಾರ್ಕಿನ್ಸನ್ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ ಅನ್ನುವುದು ಒಂದು. ಲೆವಿ ಕಂಡ ಉಂಡೆಗಳಲ್ಲಿ ತುಂಬಿರುವುದೂ ಅದೇ ಪ್ರೋಟೀನ್ ಅನ್ನುವುದು ಇನ್ನೊಂದು. 2003ರಲ್ಲಿ ಮತ್ತೊಂದು ಸುಳಿವು ಸಿಕ್ಕಿತು. ಒಂದು ಕುಟುಂಬದಲ್ಲಿ ಈ ಜೀನ್ ಕೆಟ್ಟಿರಲಿಲ್ಲ, ಒಂದೇ ಕ್ರೋಮೋಸೋಮಿನಲ್ಲಿ ಒಂದರ ಬದಲು ಮೂರು ಪ್ರತಿ ಇತ್ತು ಅಷ್ಟೇ. ಅಂದರೆ ಪ್ರೋಟೀನ್ ಕೆಡಲೇಬೇಕು ಅಂತಿಲ್ಲ, ಅತಿಯಾದರೂ ಕಾಯಿಲೆ ಬರುತ್ತದೆ.

ಸಿನ್ಯೂಕ್ಲಿನ್ 140 ಅಮೈನೋ ಆಮ್ಲಗಳ ಚಿಕ್ಕ ಪ್ರೋಟೀನ್. ದ್ರವದಲ್ಲಿ ಇದಕ್ಕೆ ಗಟ್ಟಿಯಾದ ಆಕಾರವೇ ಇಲ್ಲ, ಸಡಿಲ ದಾರದ ಹಾಗೆ ತೇಲಿಕೊಂಡಿರುತ್ತದೆ. ತೊಂದರೆ ಶುರುವಾಗುವುದು ಇವು ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾದಾಗ. ನಾವು ಅವನ್ನು ಫೈಬ್ರಿಲ್ ಅನ್ನುತ್ತೇವೆ. ಗಂಟು ಬಿದ್ದ ಒಂದು ದಾರ ಪಕ್ಕದ ದಾರಗಳನ್ನೂ ಸಿಕ್ಕಿಗೆ ಎಳೆದುಕೊಂಡ ಹಾಗೆ, ಒಂದು ಫೈಬ್ರಿಲ್ ತನ್ನ ಸುತ್ತಲಿನ ಒಳ್ಳೆಯ ಸಿನ್ಯೂಕ್ಲಿನನ್ನೂ ತನ್ನದೇ ರೂಪಕ್ಕೆ ಎಳೆದುಕೊಳ್ಳುತ್ತದೆ. ಇದು ಒಂದು ಕೋಶದಿಂದ ಇನ್ನೊಂದಕ್ಕೆ ದಾಟಬಹುದು ಅನ್ನುವ ಅನುಮಾನ ಬಲವಾಗಿದ್ದು 2008ರಲ್ಲಿ. ಪಾರ್ಕಿನ್ಸನ್ ರೋಗಿಗಳ ಮೆದುಳಿಗೆ ವರ್ಷಗಳ ಹಿಂದೆ ಕಸಿ ಮಾಡಿದ್ದ ಎಳೆಯ ನರಕೋಶಗಳಲ್ಲೂ ಲೆವಿ ಉಂಡೆಗಳು ಸಿಕ್ಕಿದ್ದವು.

ಇನ್ನು ಜಿಬಿಎ1. ಈ ಜೀನ್‌ನ ಎರಡೂ ಪ್ರತಿಗಳು ಕೆಟ್ಟರೆ ಗೋಶೆ ಎನ್ನುವ ಬೇರೆಯೇ ಕಾಯಿಲೆ ಬರುತ್ತದೆ. ಗುಲ್ಮ, ಯಕೃತ್ತು, ಮೂಳೆಗಳ ಕಾಯಿಲೆ ಅದು. ಆದರೆ ಕೆಲವು ಗೋಶೆ ರೋಗಿಗಳಲ್ಲಿ, ಅವರ ಸಂಬಂಧಿಕರಲ್ಲಿ ಪಾರ್ಕಿನ್ಸನ್ ಲಕ್ಷಣ ಕಾಣುತ್ತಿದೆ ಅಂತ ವೈದ್ಯರು ಗಮನಿಸಿದರು. 2009ರಲ್ಲಿ 16 ಕೇಂದ್ರಗಳು ಸೇರಿ 5,000ಕ್ಕೂ ಹೆಚ್ಚು ಪಾರ್ಕಿನ್ಸನ್ ರೋಗಿಗಳನ್ನು ಪರೀಕ್ಷಿಸಿದವು. ಆರೋಗ್ಯವಂತರಿಗೆ ಹೋಲಿಸಿದರೆ ರೋಗಿಗಳಲ್ಲಿ ಜಿಬಿಎ1 ಮ್ಯೂಟೇಶನ್ ಇರುವ ಸಂಭವ ಐದು ಪಟ್ಟಿಗೂ ಜಾಸ್ತಿ ಅಂತ ಗೊತ್ತಾಯಿತು. ಅಂಕಿಅಂಶ ಸಂಬಂಧ ಇದೆ ಅನ್ನುತ್ತದೆ, ಹೇಗೆ ಅಂತ ಹೇಳುವುದಿಲ್ಲ. ಅಲ್ಲಿಂದ ಮುಂದಿನದು ನಮ್ಮಂಥವರ ಕೆಲಸ.

ಜಿಬಿಎ1 ತಯಾರಿಸುವುದು ಜಿಕೇಸ್ ಎಂಬ ಕಿಣ್ವ. ಕೋಶದ ಕಸ ಕರಗಿಸುವ ಲೈಸೋಸೋಮ್ ಒಳಗೆ ಇದು ಗ್ಲೂಕೋಸಿಲ್‌ಸೆರಮೈಡ್ ಅನ್ನುವ ಕೊಬ್ಬನ್ನು ಒಡೆಯುತ್ತದೆ. ನನ್ನ ಮುಂದೆ ಮೂರು ಊಹೆ ಇದ್ದವು. ಕಿಣ್ವ ಕಡಿಮೆಯಾದರೆ ಲೈಸೋಸೋಮ್ ಸೋತು, ಸಿನ್ಯೂಕ್ಲಿನ್ ಸರಿಯಾಗಿ ಕರಗದೆ ಉಳಿಯಬಹುದು. ಅಥವಾ ಒಡೆಯದೆ ಉಳಿದ ಕೊಬ್ಬೇ ಸಿನ್ಯೂಕ್ಲಿನನ್ನು ಎಳೆಯಾಗುವ ಕಡೆ ತಳ್ಳಬಹುದು. ಅಥವಾ ಕಿಣ್ವದ ಕೆಲಸಕ್ಕೂ ಇದಕ್ಕೂ ಸಂಬಂಧವೇ ಇಲ್ಲದೆ, ಮ್ಯೂಟೇಶನ್‌ನಿಂದ ತಪ್ಪಾಗಿ ಮಡಚಿಕೊಂಡ ಕಿಣ್ವದ ಪ್ರೋಟೀನೇ ಕೋಶಕ್ಕೆ ಹೊರೆಯಾಗಬಹುದು. ಮೂರೂ ನಂಬುವಂಥವೇ, ಅಲ್ವಾ? ಹಾಗಾಗಿ ಮೂರರಲ್ಲಿ ಕನಿಷ್ಠ ಒಂದನ್ನಾದರೂ ತಪ್ಪು ಅಂತ ತೋರಿಸಬಲ್ಲ ಪ್ರಯೋಗ ಬೇಕಿತ್ತು. ಎಲ್ಲಕ್ಕೂ ಹೊಂದುವ ಫಲಿತಾಂಶದಿಂದ ಏನೂ ಉಪಯೋಗವಿಲ್ಲ.

ಮೊದಲು ಫೈಬ್ರಿಲ್ ತಯಾರಿ. ಇದು ಬೇಜಾರಿನ ಕೆಲಸ ಅಂತ ಹೊಸಬರು ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಇಡೀ ಪ್ರಯೋಗದ ಹಣೆಬರಹ ಇಲ್ಲೇ ಬರೆದಾಗುತ್ತದೆ. ಸಿನ್ಯೂಕ್ಲಿನ್ ಜೀನನ್ನು ಇ-ಕೋಲೈ ಬ್ಯಾಕ್ಟೀರಿಯಾಕ್ಕೆ ಸೇರಿಸಿ ಪ್ರೋಟೀನ್ ಮಾಡಿಸುತ್ತೇವೆ. ಬ್ಯಾಕ್ಟೀರಿಯಾ ಒಡೆದ ದ್ರವವನ್ನು ಕುದಿಸಿದರೆ ಉಳಿದ ಹೆಚ್ಚಿನ ಪ್ರೋಟೀನುಗಳು ಹೆಪ್ಪುಗಟ್ಟಿ ತಳ ಸೇರುತ್ತವೆ. ಸಿನ್ಯೂಕ್ಲಿನ್‌ಗೆ ಕೆಡಲು ಆಕಾರವೇ ಇಲ್ಲವಲ್ಲ, ಅದು ಆರಾಮಾಗಿ ಮೇಲೆ ಉಳಿಯುತ್ತದೆ. ಆಮೇಲೆ ಕಾಲಮ್‌ಗಳಲ್ಲಿ ಹಾಯಿಸಿ ಶುದ್ಧ ಮಾಡುವುದು. ಬ್ಯಾಕ್ಟೀರಿಯಾದ ಹೊರಪದರದ ವಿಷ, ಎಂಡೋಟಾಕ್ಸಿನ್, ತೆಗೆಯುವುದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬಾರದು. ಅದು ಉಳಿದರೆ ತಟ್ಟೆಯಲ್ಲಿರುವ ಮೈಕ್ರೋಗ್ಲಿಯಾ, ಅಂದರೆ ಮೆದುಳಿನ ರಕ್ಷಣಾ ಕೋಶಗಳು, ಕೆರಳುತ್ತವೆ. ನರಕೋಶ ಸತ್ತಿದ್ದು ಫೈಬ್ರಿಲ್‌ನಿಂದಲೋ ಎಂಡೋಟಾಕ್ಸಿನ್‌ನಿಂದಲೋ ಅಂತ ಆಮೇಲೆ ಯಾರೂ ಹೇಳಲಾರರು.

ಶುದ್ಧ ಪ್ರೋಟೀನನ್ನು ಮೊದಲು 1,00,000 ಜಿ, ಅಂದರೆ ಭೂಮಿಯ ಗುರುತ್ವದ ಲಕ್ಷ ಪಟ್ಟು ಬಲ ಬೀಳುವಂತೆ ತಿರುಗಿಸಿ, ಈಗಾಗಲೇ ಅಂಟಿಕೊಂಡ ತುಣುಕುಗಳನ್ನು ತೆಗೆಯುತ್ತೇನೆ. ಮೇಲೆ ಉಳಿದದ್ದನ್ನು ಮಿಲಿಲೀಟರಿಗೆ 5 ಮಿಲಿಗ್ರಾಂ ಲೆಕ್ಕದಲ್ಲಿ ಹದ ಮಾಡಿ, 37 ಡಿಗ್ರಿಯಲ್ಲಿ 1,000 ಆರ್‌ಪಿಎಂನಲ್ಲಿ 7 ದಿನ ಅಲುಗಾಡಿಸುವುದು. ತಿಳಿಯಾದ ದ್ರವ ಮಬ್ಬಾಗುತ್ತದೆ. ಮಬ್ಬಾಯಿತು ಅಂದ ಮಾತ್ರಕ್ಕೆ ಫೈಬ್ರಿಲ್ ಆಯಿತು ಅಂತ ಅಲ್ಲ. ಅಡ್ಡಾದಿಡ್ಡಿ ಅಂಟಿಕೊಂಡ ಪ್ರೋಟೀನೂ ಮಬ್ಬಾಗಿಯೇ ಕಾಣುತ್ತದೆ. ಅದಕ್ಕೇ ಮೂರು ಬೇರೆ ಬೇರೆ ಪರೀಕ್ಷೆ. ಥಯೋಫ್ಲೇವಿನ್-ಟಿ ಬಣ್ಣ ಎಳೆಗಳ ಪದರಗಳಿಗೆ ಸಿಕ್ಕಿಕೊಂಡಾಗ ಸುಮಾರು 480 ನ್ಯಾನೋಮೀಟರ್‌ನಲ್ಲಿ ಹೊಳೆಯುತ್ತದೆ, ಅದನ್ನು ಅಳೆಯುವುದು. ಮತ್ತೆ ತಿರುಗಿಸಿ ಎಷ್ಟು ಪಾಲು ತಳಕ್ಕೆ ಬಂತು, ಎಷ್ಟು ಮೇಲೆ ಉಳಿಯಿತು ನೋಡುವುದು. ಕೊನೆಗೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಎಳೆಗಳನ್ನು ಕಣ್ಣಾರೆ ಕಾಣುವುದು. ಮೂರೂ ಒಂದೇ ಮಾತು ಹೇಳದಿದ್ದರೆ ಆ ಬ್ಯಾಚು ನರಕೋಶದ ಹತ್ತಿರ ಹೋಗುವುದಿಲ್ಲ.

ಆಮೇಲೆ ಸೋನಿಕೇಶನ್, ಅಂದರೆ ಶಬ್ದದ ಅಲೆಗಳಿಂದ ಎಳೆಗಳನ್ನು ತುಂಡು ಮಾಡುವುದು. ಉದ್ದನೆಯ ಫೈಬ್ರಿಲ್ ನರಕೋಶದ ಒಳಗೆ ಸುಲಭಕ್ಕೆ ಹೋಗದು. ಸುಮಾರು 50 ನ್ಯಾನೋಮೀಟರ್ ಅಥವಾ ಅದಕ್ಕೂ ಚಿಕ್ಕ ತುಂಡು ಬೇಕು. ಪ್ರೋಟೀನ್ ಅಂದ ಕೂಡಲೇ ಐಸ್ ಮೇಲೆ ಇಡುವ ಅಭ್ಯಾಸ ನಮ್ಮೆಲ್ಲರ ಕೈಗೆ ಅಂಟಿರುತ್ತದೆ. ಇಲ್ಲಿ ಅದು ನಡೆಯದು. ಸಿನ್ಯೂಕ್ಲಿನ್ ಫೈಬ್ರಿಲ್‌ಗಳು ತಂಪಿನಲ್ಲಿ ಬಿಚ್ಚಿಕೊಳ್ಳಬಲ್ಲವು. ಮೈನಸ್ 80ರಿಂದ ತೆಗೆದದ್ದನ್ನು ಕೋಣೆಯ ಉಷ್ಣತೆಯಲ್ಲೇ ಕರಗಿಸಿ, ಅಲ್ಲೇ ಇಟ್ಟುಕೊಂಡು ಕೆಲಸ ಮುಗಿಸಬೇಕು. ಚೆಲ್ಲಿದರೆ ಒರೆಸುವುದಕ್ಕೆ ಶೇ. 1ರ ಎಸ್‌ಡಿಎಸ್ ಡಿಟರ್ಜೆಂಟ್. ಸುಮ್ನೆ ಆಲ್ಕೋಹಾಲ್ ಸಿಂಪಡಿಸಿ ಒರೆಸಿದರೆ ಇವು ಹೋಗುವುದಿಲ್ಲ. ಮುಖಕ್ಕೆ ಕವಚ, ಸೋನಿಕೇಟರ್‌ಗೆ ಮುಚ್ಚಿದ ಕ್ಯಾಬಿನೆಟ್ ಕಡ್ಡಾಯ. ಗಾಳಿಯಲ್ಲಿ ಹಾರಿದ ಹನಿಯಲ್ಲಿ ಏನಿದೆ ಅಂತ ನಮಗೆ ಚೆನ್ನಾಗಿ ಗೊತ್ತಿರುತ್ತದೆ.

ನಾನು ಬಳಸಿದ್ದು ಇಲಿಯ ನರಕೋಶಗಳು, ಹಾಗಾಗಿ ಫೈಬ್ರಿಲ್ ಕೂಡ ಇಲಿಯ ಸಿನ್ಯೂಕ್ಲಿನ್‌ನದೇ. ಅಮೈನೋ ಆಮ್ಲಗಳ ಕ್ರಮ ಹೊಂದದಿದ್ದರೆ ಒಂದು ಇನ್ನೊಂದನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಇಲ್ಲೊಂದು ತಮಾಷೆ ಇದೆ. 1997ರಲ್ಲಿ ಸಿಕ್ಕ ಮ್ಯೂಟೇಶನ್‌ನಲ್ಲಿ 53ನೇ ಜಾಗದ ಅಲನೈನ್ ಹೋಗಿ ಥ್ರಿಯೋನೈನ್ ಬಂದಿರುತ್ತದೆ. ಇಲಿಯಲ್ಲಿ ಆ ಜಾಗದಲ್ಲಿ ಹುಟ್ಟಿನಿಂದಲೇ ಇರುವುದು ಥ್ರಿಯೋನೈನ್! ಮನುಷ್ಯನಲ್ಲಿ ಕಾಯಿಲೆ ತರುವುದು ಇಲಿಗೆ ಮಾಮೂಲು. ಅಷ್ಟಾದರೂ ಇಲಿಗೆ ತಾನಾಗಿ ಪಾರ್ಕಿನ್ಸನ್ ಬರುವುದಿಲ್ಲ. ಇಲಿಯ ಫಲಿತಾಂಶವನ್ನು ನೇರವಾಗಿ ಮನುಷ್ಯನಿಗೆ ಅಂಟಿಸುವವರಿಗೆ ನಾನು ಇದನ್ನು ನೆನಪಿಸುತ್ತಿರುತ್ತೇನೆ.

ನೆನಪಿಗೆ ಬೇಕಾದ ಮೆದುಳಿನ ಭಾಗವಾದ ಹಿಪೊಕ್ಯಾಂಪಸ್‌ನಿಂದ ತೆಗೆದ ನರಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಅವು ಕವಲೊಡೆದು ಒಂದಕ್ಕೊಂದು ಸೇರತೊಡಗಿದ ಮೇಲೆ ಫೈಬ್ರಿಲ್ ತುಂಡುಗಳನ್ನು ಹಾಕುತ್ತೇನೆ. ಪಾರ್ಕಿನ್ಸನ್‌ನಲ್ಲಿ ಮುಖ್ಯವಾಗಿ ಸಾಯುವುದು ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳಲ್ಲವೇ, ಹಿಪೊಕ್ಯಾಂಪಸ್ ಯಾಕೆ ಅಂತ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಇಲಿಯ ಡೋಪಮೈನ್ ಕೋಶಗಳು ತಟ್ಟೆಯಲ್ಲಿ ಸಿಗುವುದು ಕಡಿಮೆ, ಜೊತೆಗೆ ಬೇರೆ ಕೋಶಗಳು ಬೆರೆತಿರುತ್ತವೆ. ಹಿಪೊಕ್ಯಾಂಪಸ್‌ನ ಕೋಶಗಳಲ್ಲಿ ಸಿನ್ಯೂಕ್ಲಿನ್ ಬೇಕಾದಷ್ಟಿರುತ್ತದೆ, ಸಂಖ್ಯೆಯೂ ಸಾಕಷ್ಟು. ಎಳೆ ಹುಟ್ಟುವ ಬಗೆಯನ್ನು ಓದಲು ಇವು ಸಾಕು. ಡೋಪಮೈನ್ ಕೋಶವೇ ಯಾಕೆ ಸಾಯುತ್ತದೆ ಅನ್ನುವುದಕ್ಕೆ ಇವು ಸಾಲವು.

ಒಂದೆರಡು ವಾರ ಕಾದರೆ ಕೋಶಗಳ ಒಳಗೆ ಉಂಡೆ, ಎಳೆ ಮೂಡುತ್ತವೆ. ಅವನ್ನು ತೋರಿಸುವುದು ಪಿ-129 ಆಂಟಿಬಾಡಿ, ಅಂದರೆ 129ನೇ ಜಾಗದಲ್ಲಿ ಫಾಸ್ಫೇಟ್ ಇರುವ ಸಿನ್ಯೂಕ್ಲಿನ್ ಹುಡುಕಿ ಅಂಟುವ ಪ್ರೋಟೀನ್. ಲೆವಿ ಉಂಡೆಗಳಲ್ಲಿರುವ ಸಿನ್ಯೂಕ್ಲಿನ್‌ನಲ್ಲಿ ಶೇ. 90ರಷ್ಟಕ್ಕೆ 129ನೇ ಸೆರಿನ್ ಮೇಲೆ ಫಾಸ್ಫೇಟ್ ಅಂಟಿರುತ್ತದೆ. ಆರೋಗ್ಯವಂತ ಮೆದುಳಿನಲ್ಲಿ ಅದು ತೀರಾ ಕಡಿಮೆ. ಬ್ಯಾಕ್ಟೀರಿಯಾದಲ್ಲಿ ಮಾಡಿದ ನನ್ನ ಫೈಬ್ರಿಲ್‌ಗಳಲ್ಲಿ ಈ ಫಾಸ್ಫೇಟ್ ಇರುವುದಿಲ್ಲ. ಹಾಗಾಗಿ ಪಿ-129 ಹೊಳೆದರೆ ಅದು ನಾನು ಹಾಕಿದ ಎಳೆಯಲ್ಲ, ಕೋಶ ತನ್ನದೇ ಪ್ರೋಟೀನಿನಿಂದ ಕಟ್ಟಿಕೊಂಡದ್ದು ಅನ್ನುವುದು ವಾದ.

ವಾದ ಚೆನ್ನಾಗಿದೆ, ಆದರೆ ಎರಡು ತೂತುಗಳಿವೆ. ಒಳಗೆ ಹೋದ ಫೈಬ್ರಿಲ್‌ಗೇ ಕೋಶ ಆಮೇಲೆ ಫಾಸ್ಫೇಟ್ ಅಂಟಿಸಿರಬಹುದು. ಮತ್ತೆ, ಪಿ-129 ಅಂತ ಮಾರುವ ಆಂಟಿಬಾಡಿಗಳಲ್ಲಿ ಕೆಲವು ನ್ಯೂರೋಫಿಲಮೆಂಟ್ ಎಂಬ ಬೇರೆ ಪ್ರೋಟೀನಿಗೂ ಅಂಟುತ್ತವೆ. ಅದೂ ನರಕೋಶದ ಕವಲುಗಳಲ್ಲಿ ಎಳೆ ಎಳೆಯಾಗಿಯೇ ಇರುವಂಥದ್ದು, ನೋಡಿದರೆ ಮೋಸ ಹೋಗುವುದು ಖಂಡಿತ! ಎರಡಕ್ಕೂ ಒಂದೇ ಉತ್ತರ, ಸಿನ್ಯೂಕ್ಲಿನ್ ಜೀನ್ ತೆಗೆದುಹಾಕಿದ ಇಲಿಯ ನರಕೋಶ. ಅದಕ್ಕೂ ಅಷ್ಟೇ ಫೈಬ್ರಿಲ್ ಹಾಕಿ, ಅದೇ ಆಂಟಿಬಾಡಿ ಹಚ್ಚಿ, ಮೈಕ್ರೋಸ್ಕೋಪಿನ ಅದೇ ಸೆಟ್ಟಿಂಗ್‌ನಲ್ಲಿ ಚಿತ್ರ ತೆಗೆಯಬೇಕು. ಅಲ್ಲಿ ಕಪ್ಪು ಬಂದರೆ ಮಾತ್ರ ಇಲ್ಲಿಯ ಹೊಳಪನ್ನು ನಾನು ನಂಬುತ್ತೇನೆ. ಈ ತಟ್ಟೆ ಪ್ರತಿ ಪ್ರಯೋಗದಲ್ಲೂ ಇರುತ್ತದೆ, ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ.

ಈಗ ಜಿಕೇಸ್ ಕಡಿಮೆ ಮಾಡುವುದು. ಸುಲಭದ ದಾರಿ ಸಿಬಿಇ ಅನ್ನುವ ರಾಸಾಯನಿಕ. ಅದು ಕಿಣ್ವಕ್ಕೆ ಅಂಟಿ, ಮತ್ತೆ ಬಿಡುವುದಿಲ್ಲ. ಕಿಣ್ವ ನಿಜಕ್ಕೂ ನಿಂತಿದೆಯಾ ಅಂತ ಪ್ರತಿ ಸಲ ಅಳೆಯುತ್ತೇನೆ. ಜಿಕೇಸ್ ಕತ್ತರಿಸಿದರೆ ನೀಲಿಯಾಗಿ ಹೊಳೆಯುವ ಒಂದು ಪದಾರ್ಥ ಇದೆ, ಹೊಳಪು ಕುಗ್ಗಿದಷ್ಟು ಕಿಣ್ವ ನಿಂತಂತೆ. ಲೈಸೋಸೋಮ್‌ನ ಹೊರಗೆ ಜಿಬಿಎ2 ಅಂತ ಇನ್ನೊಂದು ಕಿಣ್ವವಿದ್ದು ಅದೂ ಇದೇ ಪದಾರ್ಥವನ್ನು ಕತ್ತರಿಸುತ್ತದೆ. ಆದ್ದರಿಂದ ಹುಳಿ ಪಿಎಚ್‌ನಲ್ಲಿ, ಜಿಕೇಸ್‌ಗೆ ಹೊಂದುವ ಬಫರ್‌ನಲ್ಲೇ ಅಳೆಯಬೇಕು. ಸಿಬಿಇ ಪ್ರಮಾಣ ಜಾಸ್ತಿಯಾದರೆ ಜಿಬಿಎ2 ಕೂಡ ನಿಲ್ಲುತ್ತದೆ. ಆಗ ಫಲಿತಾಂಶ ಯಾರದ್ದು ಅಂತ ಗೊಂದಲ. ಹಾಗಾಗಿ ಬೇಕಾದ ಜೀನನ್ನಷ್ಟೇ ಗುರುತಿಸಿ ಅಡಗಿಸುವ ಶಾರ್ಟ್ ಹೇರ್‌ಪಿನ್ ಆರ್‌ಎನ್‌ಎ ಬಳಸಿ ಜೀನನ್ನೇ ತಗ್ಗಿಸಿದ ಇನ್ನೊಂದು ಸಾಲು ತಟ್ಟೆಗಳನ್ನೂ ಜೊತೆಗೆ ನಡೆಸಿದೆ.

ಕಂಡದ್ದು ಇಷ್ಟು. ಕಿಣ್ವ ನಿಲ್ಲಿಸಿದ್ದು ಬಿಟ್ಟರೆ ಬೇರೇನೂ ಮಾಡದ ಕೋಶಗಳಲ್ಲಿ ಉಂಡೆಗಳು ಮೂಡಲಿಲ್ಲ. ಕಿಣ್ವ ನಿಲ್ಲಿಸಿ ಫೈಬ್ರಿಲ್ ಹಾಕಿದ ಕೋಶಗಳಲ್ಲಿ, ಬರೀ ಫೈಬ್ರಿಲ್ ಹಾಕಿದವಕ್ಕಿಂತ ಜಾಸ್ತಿ ಮೂಡಿದವು. ಅಂದರೆ ಜಿಕೇಸ್ ಕೊರತೆ ಬೆಂಕಿ ಹಚ್ಚುವುದಿಲ್ಲ, ಹತ್ತಿದ ಬೆಂಕಿಯನ್ನು ಹಬ್ಬಿಸುತ್ತದೆ. ಇದು ರೋಗಿಗಳಲ್ಲಿ ಕಾಣುವುದಕ್ಕೂ ಹೊಂದುತ್ತದೆ. ಜಿಬಿಎ1 ಮ್ಯೂಟೇಶನ್ ಇರುವವರಲ್ಲಿ ಹೆಚ್ಚಿನವರಿಗೆ ಪಾರ್ಕಿನ್ಸನ್ ಬರುವುದೇ ಇಲ್ಲ. ಬೇರೆ ಗುಂಪುಗಳೂ ಇದೇ ದಿಕ್ಕಿನ ಫಲಿತಾಂಶ ಪ್ರಕಟಿಸಿವೆ. ಅದು ಧೈರ್ಯ ಕೊಟ್ಟಿತು, ಆದರೆ ಎಣಿಕೆಯಲ್ಲಿ ಸಡಿಲ ಬಿಡಲು ಕಾರಣವಾಗಲಿಲ್ಲ.

ಎಣಿಕೆಯ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಒಂದು ತಟ್ಟೆಯಲ್ಲಿ ಸಾವಿರಾರು ನರಕೋಶ ಎಣಿಸಿ, ಸಾವಿರಾರು ಸ್ಯಾಂಪಲ್ ಇದೆ ಅಂತ ಬರೆಯುವುದು ನಮ್ಮ ಕ್ಷೇತ್ರದಲ್ಲಿ ಇನ್ನೂ ನಿಂತಿಲ್ಲ. ಆ ಕೋಶಗಳೆಲ್ಲ ಒಂದೇ ದಿನ, ಒಂದೇ ಕೈಯಲ್ಲಿ, ಒಂದೇ ಮಾಧ್ಯಮದಲ್ಲಿ ಬೆಳೆದವು. ಸ್ಯಾಂಪಲ್ ಅಂದರೆ ಬೇರೆ ಬೇರೆ ದಿನ, ಬೇರೆ ಬೇರೆ ಪ್ರಾಣಿಗಳಿಂದ ಬೆಳೆಸಿದ ಸ್ವತಂತ್ರ ಕಲ್ಚರ್. ಹಾಗೆ ಲೆಕ್ಕ ಹಾಕಿದರೆ ಎಷ್ಟೋ ದೊಡ್ಡ ವ್ಯತ್ಯಾಸಗಳು ಕುಗ್ಗುತ್ತವೆ, ಕೆಲವು ಮಾಯವೇ ಆಗುತ್ತವೆ. ನನ್ನ ಚಿತ್ರಗಳಿಗೆ ಸಹೋದ್ಯೋಗಿಯೊಬ್ಬರು ಕೋಡ್ ಕೊಡುತ್ತಿದ್ದರು, ಯಾವುದು ಯಾವ ತಟ್ಟೆ ಅಂತ ನನಗೆ ಗೊತ್ತಿರುತ್ತಿರಲಿಲ್ಲ. ಎಷ್ಟು ಹೊಳೆದರೆ ಉಂಡೆ ಅಂತ ಎಣಿಸಬೇಕು ಅನ್ನುವ ಮಿತಿಯನ್ನು ಕೋಡ್ ಬಿಚ್ಚುವ ಮೊದಲೇ ನಿಗದಿ ಮಾಡಿ ಬರೆದಿಡುತ್ತಿದ್ದೆ. ಸತ್ತ ಕೋಶಗಳಲ್ಲಿ ಉಂಡೆ ಎಣಿಸಲಾಗದು. ಹಾಗಾಗಿ ಬದುಕಿರುವ ನರಕೋಶಗಳ ಸಂಖ್ಯೆಯನ್ನೂ ಬೇರೆಯಾಗಿ ತೆಗೆದು, ಅದಕ್ಕೆ ತಕ್ಕಂತೆ ಉಂಡೆಗಳ ಲೆಕ್ಕ ಇಡಬೇಕು.

ಉಂಡೆ ಜಾಸ್ತಿಯಾಯಿತು. ಆದರೆ ಯಾಕೆ? ಜಿಕೇಸ್ ನಿಂತಾಗ ಕೋಶ ಹೆಚ್ಚು ಫೈಬ್ರಿಲ್ ಒಳಗೆ ಎಳೆದುಕೊಂಡಿರಬಹುದು. ಇದನ್ನು ನೋಡಲು ಬಣ್ಣ ಅಂಟಿಸಿದ ಫೈಬ್ರಿಲ್ ಹಾಕಿ, ಕೋಶದ ಹೊರಗೆ ಅಂಟಿದವುಗಳ ಹೊಳಪನ್ನು ಟ್ರಿಪಾನ್ ಬ್ಲೂ ಬಣ್ಣದಿಂದ ನಂದಿಸಿ, ಒಳಗಿನದ್ದನ್ನಷ್ಟೇ ಅಳೆದೆ. ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇಲ್ಲವೇ ಕೋಶದ ಮಾಮೂಲಿ ಸಿನ್ಯೂಕ್ಲಿನ್ ಪ್ರಮಾಣವೇ ಏರಿರಬಹುದು. ಕಚ್ಚಾ ವಸ್ತು ಜಾಸ್ತಿಯಾದರೆ ಎಳೆಯೂ ಜಾಸ್ತಿ ತಾನೇ. ಅದಕ್ಕೆ ವೆಸ್ಟರ್ನ್ ಬ್ಲಾಟ್, ಅಂದರೆ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ಹಾಳೆಯಂಥ ಮೆಂಬ್ರೇನ್‌ಗೆ ವರ್ಗಾಯಿಸಿ, ಆಂಟಿಬಾಡಿಯಿಂದ ಅಳೆಯುವುದು. ಸಿನ್ಯೂಕ್ಲಿನ್ ಬ್ಲಾಟ್ ಮಾಡುವವರಿಗೆ ಒಂದು ಕಿವಿಮಾತು: ಮೆಂಬ್ರೇನ್‌ಗೆ ವರ್ಗಾಯಿಸಿದ ಮೇಲೆ ಶೇ. 0.4ರ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಅರ್ಧ ಗಂಟೆ ಇಡಿ. ಇಲ್ಲದಿದ್ದರೆ ಈ ಚಿಕ್ಕ ಪ್ರೋಟೀನ್ ತೊಳೆಯುವಾಗಲೇ ಕಳಚಿ ಹೋಗುತ್ತದೆ, ಇರುವುದನ್ನು ಇಲ್ಲ ಅಂತ ಓದುತ್ತೀರಿ. ಕರಗಿದ ಸಿನ್ಯೂಕ್ಲಿನ್ ಸ್ವಲ್ಪ ಏರಿದ್ದು ನಿಜ. ಆದರೆ ಉಂಡೆಗಳ ಏರಿಕೆಯನ್ನು ಪೂರ್ತಿ ವಿವರಿಸುವಷ್ಟಲ್ಲ.

ಉಳಿದದ್ದು, ಒಳಗೆ ಹೋದ ಫೈಬ್ರಿಲ್ ಬೇಗ ಕರಗುತ್ತಿಲ್ಲ ಅನ್ನುವ ಸಾಧ್ಯತೆ. ಇಲ್ಲಿ ಜೀನ್ ತೆಗೆದ ನರಕೋಶ ಎರಡನೇ ಸಲ ಕೈಹಿಡಿಯಿತು. ಸಾಮಾನ್ಯ ಕೋಶದಲ್ಲಿ ಫೈಬ್ರಿಲ್ ಕರಗುವುದೂ ಹೊಸದು ಹುಟ್ಟುವುದೂ ಒಟ್ಟಿಗೇ ನಡೆಯುತ್ತದೆ, ಬೇರೆ ಮಾಡಿ ಅಳೆಯಲಾಗದು. ಸಿನ್ಯೂಕ್ಲಿನ್ನೇ ಇಲ್ಲದ ಕೋಶದಲ್ಲಿ ಹೊಸದು ಹುಟ್ಟಲಾರದು. ಅಲ್ಲಿ ದಿನ ಕಳೆದಂತೆ ಸಿಗುವ ಸಿನ್ಯೂಕ್ಲಿನ್ ಎಲ್ಲವೂ ನಾನು ಹಾಕಿದ್ದೇ. ಜಿಕೇಸ್ ನಿಲ್ಲಿಸಿದ ಕೋಶಗಳಲ್ಲಿ ಅದು ಹೆಚ್ಚು ದಿನ ಉಳಿಯಿತು. ಹೀಗೆ ಮೊದಲ ಊಹೆಗೆ ಬಲ ಬಂತು.

ಕೊನೆಯದು ಕಿಣ್ವವನ್ನು ಮರಳಿ ಕೊಡುವ ಪ್ರಯೋಗ. ಸಿಬಿಇ ಹಾಕಿದ ತಟ್ಟೆಯಲ್ಲಿ ಇದನ್ನು ಮಾಡುವಂತಿಲ್ಲ, ಹೊಸ ಕಿಣ್ವಕ್ಕೂ ಅದು ಅಂಟಿಕೊಳ್ಳುತ್ತದೆ. ಆರ್‌ಎನ್‌ಎಯಿಂದ ಜೀನ್ ತಗ್ಗಿಸಿದ ಕೋಶಗಳಿಗೆ, ಆ ಆರ್‌ಎನ್‌ಎ ಗುರುತಿಸದಂತೆ ಡಿಎನ್‌ಎ ಅಕ್ಷರ ಬದಲಿಸಿದ ಜಿಬಿಎ1 ಕೊಟ್ಟೆ. ಪಕ್ಕದ ತಟ್ಟೆಗೆ ಅದೇ ಜೀನ್, ಆದರೆ ಕತ್ತರಿಸುವ ಜಾಗದಲ್ಲಿರುವ 340ನೇ ಗ್ಲುಟಮೇಟ್ ಕೆಡಿಸಿದ್ದು. ಪ್ರೋಟೀನ್ ಇದೆ, ಕೆಲಸ ಇಲ್ಲ. ಕೆಲಸ ಮಾಡುವ ಕಿಣ್ವ ಕೊಟ್ಟಲ್ಲಿ ಉಂಡೆಗಳು ಇಳಿದವು, ಪೂರ್ತಿ ಅಲ್ಲ. ಕೆಲಸವಿಲ್ಲದ್ದು ಕೊಟ್ಟಲ್ಲಿ ಇಳಿಯಲಿಲ್ಲ. ಈ ತಟ್ಟೆಗಳ ಮಟ್ಟಿಗೆ ಮುಖ್ಯವಾದದ್ದು ಕಿಣ್ವದ ಕೆಲಸ ಅಂತ ಹೇಳಬಹುದು. ಮೂರನೇ ಊಹೆ ರೋಗಿಗಳಲ್ಲಿ ಸುಳ್ಳು ಅಂತ ಇದರಿಂದ ಹೇಳಲಾಗದು. ರೋಗಿಗಳಲ್ಲಿರುವ ತಪ್ಪಾಗಿ ಮಡಚಿದ ಕಿಣ್ವ ನನ್ನ ತಟ್ಟೆಯಲ್ಲಿ ಇರಲೇ ಇಲ್ಲವಲ್ಲ.

ಎರಡನೇ ಊಹೆ, ಕೊಬ್ಬಿನದ್ದು, ಇನ್ನೂ ಗೋಜಲು. ಆ ಕೊಬ್ಬು ತಯಾರಾಗುವುದನ್ನೇ ತಡೆಯುವ ವೆಂಗ್ಲುಸ್ಟಾಟ್ ಎಂಬ ಔಷಧಿಯನ್ನು ಜಿಬಿಎ1 ಮ್ಯೂಟೇಶನ್ ಇರುವ ಪಾರ್ಕಿನ್ಸನ್ ರೋಗಿಗಳ ಮೇಲೆ ಪರೀಕ್ಷಿಸಿದ್ದರು. ಅದರಿಂದ ಲಾಭವಾಗಲಿಲ್ಲ ಅಂತ 2021ರಲ್ಲಿ ಗೊತ್ತಾಯಿತು. ಕೊಬ್ಬಿನ ಊಹೆ ಸತ್ತಿತು ಅಂತ ಕೆಲವರು ಹೇಳಿಬಿಟ್ಟರು. ನನಗೆ ಹಾಗೆ ಅನ್ನಿಸುವುದಿಲ್ಲ. ರೋಗ ಗೊತ್ತಾಗುವ ಹೊತ್ತಿಗೆ ಎಷ್ಟೋ ಡೋಪಮೈನ್ ಕೋಶಗಳು ಹೋಗಿಯಾಗಿರುತ್ತವೆ. ಹಬ್ಬುವುದು ಶುರುವಾಗುವಾಗ ಮುಖ್ಯವಾಗಿದ್ದ ಕಾರಣ ಆಮೇಲೂ ಅಷ್ಟೇ ಮುಖ್ಯವಾಗಿರಬೇಕು ಅಂತ ಇಲ್ಲ. ಆದರೆ ಇದು ನನ್ನ ಅಭಿಪ್ರಾಯ, ಇದಕ್ಕೆ ನನ್ನ ಹತ್ತಿರ ಡೇಟಾ ಇಲ್ಲ.

ಈಗ ಮನುಷ್ಯರ ಚರ್ಮದ ಕೋಶಗಳಿಂದ ಮಾಡಿದ, ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲ ಸ್ಟೆಮ್ ಸೆಲ್‌ಗಳನ್ನು ಡೋಪಮೈನ್ ನರಕೋಶಗಳಾಗಿ ಬೆಳೆಸುತ್ತಿದ್ದೇನೆ. ಜೋಡಿಯಾಗಿ: ಒಂದರಲ್ಲಿ ರೋಗಿಯ ಜಿಬಿಎ1 ಮ್ಯೂಟೇಶನ್, ಇನ್ನೊಂದರಲ್ಲಿ ಜೀನ್ ತಿದ್ದುವ ಕ್ರಿಸ್ಪರ್ ತಂತ್ರದಿಂದ ಆ ಒಂದು ಅಕ್ಷರ ಸರಿಮಾಡಿದ್ದು. ಉಳಿದ ಜೀನೋಮ್ ಒಂದೇ. ತಪ್ಪಾಗಿ ಮಡಚಿದ ಕಿಣ್ವ ಇಲ್ಲಿ ನಿಜವಾಗಿಯೂ ಇದೆ, ಆದ್ದರಿಂದ ಮೂರನೇ ಊಹೆಯನ್ನು ಈಗ ಕೇಳಬಹುದು. ಕಷ್ಟ ಇರುವುದು ಕಲ್ಚರ್‌ನಿಂದ ಕಲ್ಚರ್‌ಗೆ ಆಗುವ ಏರುಪೇರಿನಲ್ಲಿ. ಒಮ್ಮೆ ಹೆಚ್ಚಿನ ಕೋಶಗಳು ಡೋಪಮೈನ್ ಕೋಶಗಳಾಗುತ್ತವೆ, ಇನ್ನೊಮ್ಮೆ ತೀರಾ ಕಡಿಮೆ. ಅದಕ್ಕೇ ಜೋಡಿಯ ಎರಡನ್ನೂ ಒಂದೇ ದಿನ ಶುರು ಮಾಡಿ, ಎಷ್ಟು ಪಾಲು ಡೋಪಮೈನ್ ಕೋಶ ಆಯಿತು ಅಂತ ಮೊದಲು ಅಳೆಯುತ್ತೇನೆ. ಆ ಪಾಲು ಎರಡರಲ್ಲೂ ಹೊಂದದ ತಟ್ಟೆಗೆ ಫೈಬ್ರಿಲ್ ಹಾಕುವುದೇ ಇಲ್ಲ.